8 ನಿಮಿಷ, 24 ಡಿಗ್ರಿ

ಪತ್ತನಾಜೆಗೆ ಇನ್ನು ಒಂದು ತಿಂಗಳಿತ್ತು. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದರೆ ಮತ್ತೆ ನವೆಂಬರ್‌ವರೆಗೆ ಕಾಯಬೇಕು. ಅಷ್ಟರೊಳಗೆ ಬಣ್ಣದ ವೇಷದ ಮುಖ ಒಂದಾದರೂ ಫಿಲ್ಮಿನಲ್ಲಿ ಸರಿಯಾಗಿ ಬರಬೇಕೆಂದು ನನಗೆ ಹಟ.

ಯಕ್ಷಗಾನದ ತೆಂಕುತಿಟ್ಟು ಶೈಲಿಯಲ್ಲಿ ಇಂಥ ರಾಕ್ಷಸ ವೇಷಕ್ಕೆ ಚುಟ್ಟಿ ಇಡುವುದನ್ನು ನೋಡಿದವರಿಗೆ ನನ್ನ ಆಸೆ ಅರ್ಥವಾದೀತು. ಅಕ್ಕಿ ಹಿಟ್ಟು, ಸುಣ್ಣ ಸೇರಿಸಿ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಕಪ್ಪು ಕೆಂಪು ಬಣ್ಣದ ಮೇಲೆ ಒಂದೊಂದೇ ಮುಳ್ಳಿನ ಹಾಗೆ ನಿಲ್ಲಿಸುತ್ತಾರೆ. ವೇಷ ಕಟ್ಟುವ ಚೌಕಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಅಂಗೈಯಷ್ಟು ಕನ್ನಡಿ ನೋಡಿಕೊಂಡು, ಗಂಟೆಗಟ್ಟಲೆ. ಬೆಳಕು ಅಂದರೆ ತಲೆ ಮೇಲೆ ತೂಗುವ ಒಂದು ಬಲ್ಬು. ಫ್ಲ್ಯಾಶ್ ಹೊಡೆಯಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ 400 ವೇಗದ ಎಚ್‌ಪಿ5 ಪ್ಲಸ್ ಫಿಲ್ಮನ್ನು 1600 ಎಂದು ಲೆಕ್ಕ ಹಿಡಿದು, ಲೆನ್ಸಿನ ಕಿಂಡಿ ಎಫ್2ರಲ್ಲಿ 1/60 ಸೆಕೆಂಡಿಗೆ ತೆಗೆದಿದ್ದೆ. ಎರಡು ಸ್ಟಾಪ್ ಪುಶ್: ಬೇಕಾದ ಬೆಳಕಿನ ಕಾಲು ಭಾಗ ಕೊಟ್ಟು, ಕೊರತೆಯನ್ನು ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಟ್ಟು ತುಂಬುವುದು.

ಮೊದಲ ರೋಲು ಕೆಟ್ಟಿತ್ತು. ಐಡಿ-11 ಡೆವಲಪರಿಗೆ ಕಂಪನಿಯ ಟೇಬಲಲ್ಲಿ 14 ನಿಮಿಷ ಅಂತಿತ್ತು, 14 ಕೊಟ್ಟೆ. ಆ 14 ನಿಮಿಷ 20 ಡಿಗ್ರಿಗೆ. ಫಿಲ್ಮು ತೊಳೆಯುವ ನನ್ನ ಡಬ್ಬಿಯಲ್ಲಿದ್ದದ್ದು 26. ಬಿಸಿ ಹೆಚ್ಚಿದಷ್ಟೂ ಡೆವಲಪರ್ ಬೇಗ ಕೆಲಸ ಮಾಡುತ್ತದೆ. ನೆಗೆಟಿವಿನಲ್ಲಿ ಚುಟ್ಟಿಯೆಲ್ಲ ಒಂದಕ್ಕೊಂದು ಅಂಟಿ ಡಾಂಬರಿನ ಪಟ್ಟಿಯ ಹಾಗೆ ಕಾಣುತ್ತಿತ್ತು. ಪೇಟೆಯಲ್ಲಿ ಹಿಂದೆ ಸ್ಟುಡಿಯೊ ಇಟ್ಟಿದ್ದ ಹಿರಿಯರೊಬ್ಬರಿಗೆ ತೋರಿಸಿದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. "ಕಿರೀಟದ ಅಡಿಯ ನೆರಳು ನೋಡು. ಏನೂ ಇಲ್ಲ. ನೆರಳು ಡಬ್ಬಿಯಲ್ಲಿ ಹುಟ್ಟುವುದಿಲ್ಲ ಮಾರಾಯಾ, ಕ್ಯಾಮೆರಾದಲ್ಲೇ ಹುಟ್ಟಬೇಕು. ನೀನು ಹೊತ್ತು ಜಾಸ್ತಿ ಕೊಟ್ಟಷ್ಟೂ ಬೆಳೆಯುವುದು ಬಿಳಿ ಮಾತ್ರ."

ಪುಶ್ ಅಂದರೆ ಫಿಲ್ಮಿನ ವೇಗ ಹೆಚ್ಚಾಗುವುದು ಎಂದೇ ನಾನು ಅಷ್ಟು ದಿನ ತಿಳಿದಿದ್ದೆ. ಬೆಳಕು ಬೀಳದ ಜಾಗದಲ್ಲಿ ಡೆವಲಪರಿಗೆ ಕೆಲಸವೇ ಇಲ್ಲ, ಅಲ್ವಾ? ಬೆಳಕು ಬಿದ್ದ ಜಾಗ ನೆಗೆಟಿವಿನಲ್ಲಿ ಕಪ್ಪಾಗುತ್ತಲೇ ಹೋಗುತ್ತದೆ, ಪ್ರಿಂಟಿನಲ್ಲಿ ಅದೇ ಬಿಳಿ. ಒಂದೇ ಬಲ್ಬಿನ ಚೌಕಿಯಲ್ಲಿ ಮೊದಲೇ ಬಿಳಿಗೂ ಕಪ್ಪಿಗೂ ಅಂತರ ದೊಡ್ಡದು. ಅದರ ಮೇಲೆ ಟೇಬಲಿನ ಪೂರ್ತಿ ಹೊತ್ತು ಕೊಟ್ಟರೆ ಚುಟ್ಟಿ ಉಳಿಯುವುದು ಕಷ್ಟ.

ಏಪ್ರಿಲಿನಲ್ಲಿ ನಮ್ಮ ಬಾವಿ ನೀರೇ 27 ಡಿಗ್ರಿ. 20ಕ್ಕೆ ಇಳಿಸಬಹುದು, ಆದರೆ ಆ ಸೆಕೆಯಲ್ಲಿ ಅಲ್ಲೇ ನಿಲ್ಲುವುದಿಲ್ಲ, ಏರುತ್ತಲೇ ಇರುತ್ತದೆ. 24 ಆದರೆ ಬಕೆಟಿನ ನೀರಿಗೆ ಐಸ್ ಮಾಡಿದ ಬಾಟಲಿ ಇಟ್ಟು ಹಿಡಿದು ನಿಲ್ಲಿಸಬಹುದು. ಇಲ್‌ಫೋರ್ಡ್ ಕಂಪನಿಯ ಹಾಳೆಯಲ್ಲಿ ಒಂದು ಉದಾಹರಣೆ ಇದೆ: 20 ಡಿಗ್ರಿಗೆ 4 ನಿಮಿಷವಾದರೆ 23ಕ್ಕೆ 3 ನಿಮಿಷ. ಮೂರು ಡಿಗ್ರಿಗೆ ಕಾಲು ಭಾಗ ಕಡಿಮೆ. ಆ ಲೆಕ್ಕದಲ್ಲಿ 14 ನಿಮಿಷ 23ಕ್ಕೆ ಹತ್ತೂವರೆ, 24ಕ್ಕೆ ಸುಮಾರು ಒಂಬತ್ತೂವರೆ. ಇದು ಟೇಬಲಿನ ಹೊತ್ತು. ನನ್ನ ಹೊತ್ತು ಯಾವುದು?

ಒಂದು ರೋಲು ಪರೀಕ್ಷೆಗೇ ಇಡಬೇಕಾಯಿತು. ಅಮ್ಮ ಅಕ್ಕಿ ಅರೆದು ಕೊಟ್ಟರು. ಮಸಿ ಹಿಡಿದ ಮಡಕೆಯ ಹೊಟ್ಟೆಗೆ ಅದನ್ನು ಸುಣ್ಣದ ಜೊತೆ ಚುಟ್ಟಿಯ ಹಾಗೇ ಚುಕ್ಕಿ ಚುಕ್ಕಿಯಾಗಿ ಇಟ್ಟೆ. ಹಿಂದೆ ಕಪ್ಪು ಬಟ್ಟೆ, ಮೇಲೆ ಒಂದು ಬಲ್ಬು. ಕ್ಯಾಮೆರಾ ಅಲುಗಿಸದೆ ಅದೇ ಚಿತ್ರ 36 ಸಲ. ಆಮೇಲೆ ಕತ್ತಲೆ ಚೀಲದೊಳಗೆ ಕೈ ಹಾಕಿ, ಅರ್ಧ ಮೀಟರಿನ ದಾರದಲ್ಲಿ ಅಳೆದು ರೋಲನ್ನು ಮೂರು ತುಂಡು ಮಾಡಿದೆ. ಚೀಲದೊಳಗೆ ಕೈ ಬೆವರಿ ಫಿಲ್ಮು ರೀಲಿಗೆ ಹತ್ತುತ್ತಲೇ ಇರಲಿಲ್ಲ. ಒಂದು ಲೀಟರ್ ಡೆವಲಪರ್, ಸಲಕ್ಕೆ 300 ಎಂಎಲ್, ಮೂರು ತುಂಡಿಗೆ ಸಾಕು. 24 ಡಿಗ್ರಿಯಲ್ಲಿ ಒಂದಕ್ಕೆ 8 ನಿಮಿಷ, ಒಂದಕ್ಕೆ ಒಂಬತ್ತೂವರೆ, ಇನ್ನೊಂದಕ್ಕೆ 11. ಮೊದಲ ಹತ್ತು ಸೆಕೆಂಡಿನಲ್ಲಿ ಡಬ್ಬಿ ನಾಲ್ಕು ಸಲ ಮಗುಚುವುದು, ಆಮೇಲೆ ನಿಮಿಷಕ್ಕೊಮ್ಮೆ ಹಾಗೇ ನಾಲ್ಕು ಸಲ. ಮೂರಕ್ಕೂ ಒಂದೇ ಕ್ರಮ.

ಚಿತ್ರವನ್ನು ನಿಲ್ಲಿಸುವ ಹೈಪೋ ದ್ರಾವಣ ತೊಳೆದು ಒಣಗಿದ ಮೇಲೆ ಮೂರೂ ತುಂಡನ್ನು ಕಿಟಕಿ ಗಾಜಿಗೆ ಅಂಟಿಸಿದೆ. ಬಟ್ಟೆಯ ಮಡಿಕೆಗಳು ಮೂರರಲ್ಲೂ ಒಂದೇ. ಕಣ್ಣಿಗೆ ವ್ಯತ್ಯಾಸವೇ ಸಿಗಲಿಲ್ಲ. ಹಿರಿಯರು ಹೇಳಿದ್ದು ಅಲ್ಲಿ ಗಾಜಿನ ಮೇಲೇ ಇತ್ತು. ಚುಕ್ಕಿಗಳು ಮಾತ್ರ ಬೇರೆ ಬೇರೆ. 11ರಲ್ಲಿ ಎಲ್ಲ ಕೂಡಿ ಒಂದು ಗೆರೆ. ಒಂಬತ್ತೂವರೆಯಲ್ಲಿ ಅಂಚು ಸ್ವಲ್ಪ ಬಿಟ್ಟಿತ್ತು. 8ರಲ್ಲಿ ಒಂದೊಂದು ಚುಕ್ಕಿಗೂ ಅದರದೇ ತುದಿ, ಪಕ್ಕದಲ್ಲಿ ಸಣ್ಣ ನೆರಳು. 20 ಡಿಗ್ರಿಯ ಲೆಕ್ಕಕ್ಕೆ ತಂದರೆ ಇದು 12 ನಿಮಿಷಕ್ಕೆ ಹತ್ತಿರ. ಎರಡು ನಿಮಿಷದ ಅಂತರಕ್ಕೆ ಇಷ್ಟು ಬೆಲೆ ಇದೆ ಎಂದು ನಾನು ಎಣಿಸಿರಲಿಲ್ಲ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ: 24, 8.

ಮರುವಾರ ಪುತ್ತೂರಿನ ಹತ್ತಿರ ಆಟ. ಅದೇ ಚೌಕಿ, ಅದೇ ಕಲಾವಿದರು. ಈ ಸಲ ಬೆಳಕು ಅಳೆದದ್ದು ಕೆನ್ನೆಯ ಕಪ್ಪು ಭಾಗಕ್ಕೆ ಹತ್ತಿರ ಹೋಗಿ, ಬಿಳಿಗೆ ಅಲ್ಲ. ಷಟರ್ 1/30ಕ್ಕೆ ಇಳಿಯಿತು. ಅವರು ಚುಟ್ಟಿ ಇಡುವಾಗ ಉಸಿರು ಹಿಡಿಯುತ್ತಿದ್ದರು, ನಾನು ಆ ಹೊತ್ತಿಗೇ ಬಟನ್ ಒತ್ತುತ್ತಿದ್ದೆ.

ಪತ್ತನಾಜೆಯ ಮುಂಚಿನ ದಿನ ಪ್ರಿಂಟು ಹಿಡಿದುಕೊಂಡು ಆ ಕಲಾವಿದರ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ಜಗಲಿಯ ಬೆಳಕಿಗೆ ಬಂದರು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಬಲಗೆನ್ನೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಒಂದು ಚುಟ್ಟಿ ಉದುರಿದೆ ನೋಡಿ. ಅವತ್ತು ನನಗೆ ಗೊತ್ತೇ ಆಗಲಿಲ್ಲ."