ಹಸು ಎಂದರೆ ತಾವರೆ

ಜಪಾನೀ ಭಾಷೆಯಲ್ಲಿ ತಾವರೆಯನ್ನು ‘ಹಸು’ ಎನ್ನುತ್ತಾರೆ. ‘ಬರುವ ಭಾನುವಾರ ಹಸುವಿನ ಹಬ್ಬಕ್ಕೆ ಹೋಗೋಣ’ ಎಂದು ನಾನು ಹೇಳಿದಾಗ, ತಿಪಟೂರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅಮ್ಮ, ಈ ದೇಶದಲ್ಲಿಯೂ ಸಂಕ್ರಾಂತಿಯ ಹಾಗೆ ಹಸುಗಳಿಗೆ ಮೈತೊಳೆದು ಕಿಚ್ಚು ಹಾಯಿಸುತ್ತಾರೆಂದೇ ಭಾವಿಸಿದ್ದರು. ಅರ್ಥ ತಿಳಿದ ಮೇಲೆ ಒಂದು ದಿನವೆಲ್ಲ ಅದನ್ನೇ ನೆನೆದು ನಕ್ಕರು.

ನಾವು ಹೋದದ್ದು ಟೋಕಿಯೋದ ಉತ್ತರಕ್ಕೆ, ಸೈತಾಮಾ ಪ್ರಾಂತ್ಯದಲ್ಲಿರುವ ಗ್ಯೋದಾ ಎಂಬ ಊರಿಗೆ. ಉಯೆನೋ ನಿಲ್ದಾಣದಿಂದ ತಕಾಸಾಕಿ ಮಾರ್ಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಎರಡು ವರ್ಷಗಳ ಹಿಂದೆ ನಾನೊಬ್ಬನೇ ಅಲ್ಲಿಗೆ ಹೋಗಿ ಬೇಸ್ತು ಬಿದ್ದಿದ್ದೆ. ರಜೆಯ ದಿನವೆಂದು ನಿಧಾನವಾಗಿ ಎದ್ದು, ಕಾಫಿ ಕುಡಿದು, ಒಂದು ಗಂಟೆಯ ಹೊತ್ತಿಗೆ ಕೊಳದ ಬಳಿ ನಿಂತರೆ ಕಂಡದ್ದು ಬರೀ ಎಲೆಗಳು ಮತ್ತು ಮುಷ್ಟಿ ಬಿಗಿದಂತೆ ಮುಚ್ಚಿಕೊಂಡಿದ್ದ ಹೂಗಳು. ಮೇಲೆ ಬಿಸಿಲು ಬೇರೆ; ಪಕ್ಕದ ಊರಾದ ಕುಮಾಗಾಯಾದಲ್ಲಿ 2018ರ ಜುಲೈ 23ರಂದು 41.1 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತೆಂದರೆ ಆ ಬಯಲಿನ ಬೇಸಿಗೆ ಎಂಥದೆಂದು ಊಹಿಸಬಹುದು. ಆದ್ದರಿಂದ ಈ ಸಲ ಅಮ್ಮನನ್ನು ನಸುಕಿನಲ್ಲೇ ಎಬ್ಬಿಸಿ ಮೊದಲ ರೈಲು ಹಿಡಿದೆ. ಏಳು ಗಂಟೆಗೆ ನಾವು ಕೊಳದ ದಂಡೆಯಲ್ಲಿದ್ದೆವು.

ಆ ಉದ್ಯಾನದ ಹೆಸರು ‘ಕೊದಾಯ್ ಹಸು ನೊ ಸತೊ’, ಅಂದರೆ ಪ್ರಾಚೀನ ತಾವರೆಗಳ ಊರು. ‘ಪ್ರಾಚೀನ’ ಎಂಬ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. 1971ರಲ್ಲಿ ಇಲ್ಲಿ ಕಸ ಸುಡುವ ಹೊಸ ಘಟಕ ಕಟ್ಟಲು ನೆಲ ಅಗೆದರು. ಅಗೆದ ಹಳ್ಳಗಳಲ್ಲಿ ನೀರು ನಿಂತಿತು. ಆಳದ ಕೆಸರಿನಲ್ಲಿ ಹುದುಗಿದ್ದ ಬೀಜಗಳು ಮೇಲೆ ಬಂದು, ಯಾರ ಆರೈಕೆಯೂ ಇಲ್ಲದೆ ತಾವೇ ಮೊಳೆತು, 1973ರಲ್ಲಿ ಹೂ ಬಿಟ್ಟದ್ದನ್ನು ಜನ ಕಂಡರು. ಆ ಬೀಜಗಳ ವಯಸ್ಸು 1400ರಿಂದ 3000 ವರ್ಷಗಳೆಂದು ಅಂದಾಜು ಮಾಡಲಾಗಿದೆ. ತಾವರೆ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಅದು ನೀರನ್ನು ಒಳಗೆ ಬಿಡುವುದೇ ಇಲ್ಲ. ಮನೆಯಲ್ಲಿ ಬೆಳೆಸುವವರು ಒಂದು ತುದಿಯನ್ನು ಅರದಿಂದ ಉಜ್ಜಿ ಸವೆಸಿದ ನಂತರವೇ ನೀರಿಗೆ ಹಾಕುತ್ತಾರೆ. ಗ್ಯೋದಾದಲ್ಲಿ ಆ ಉಪಕಾರವನ್ನು ಕಾಮಗಾರಿಯೇ ಮಾಡಿರಬೇಕು. ಊರಿನ ಕಸಕ್ಕೆಂದು ತೋಡಿದ ಗುಂಡಿಯಲ್ಲಿ ತಾವರೆ ಎದ್ದಿತೆಂದು ನಾನು ಅಮ್ಮನಿಗೆ ವಿವರಿಸಿದರೆ, ‘ಕೆಸರಲ್ಲಿ ಅಲ್ಲದೆ ಇನ್ನೆಲ್ಲಿ ಏಳುತ್ತಪ್ಪಾ ಅದು?’ ಎಂದು ಅವರು ಮುಂದೆ ನಡೆದರು.

ಹುಲ್ಲಿನ ಟೋಪಿ ತೊಟ್ಟು, ಹೆಗಲ ಮೇಲೆ ಬೆವರಿನ ಟವೆಲ್ಲು ಹಾಕಿಕೊಂಡ ಹಿರಿಯರೊಬ್ಬರು ಅಲ್ಲಿ ಬಂದವರಿಗೆಲ್ಲ ಹೂ ತೋರಿಸುತ್ತಿದ್ದರು. ಒಂದು ತಾವರೆಯ ಆಯುಸ್ಸು ನಾಲ್ಕು ದಿನ ಎಂದು ಅವರು ಬೆರಳು ಮಡಚಿ ಎಣಿಸಿದರು. ಮೊದಲ ದಿನ ಅದು ಬಟ್ಟಲಿನಷ್ಟು ಮಾತ್ರ ಬಾಯ್ತೆರೆದು ಬೇಗನೆ ಮುಚ್ಚಿಕೊಳ್ಳುತ್ತದೆ. ಎರಡನೆಯ ದಿನ ಪೂರ್ತಿ ಅರಳುತ್ತದೆ, ಬಣ್ಣವೂ ಪರಿಮಳವೂ ಆಗಲೇ ಹೆಚ್ಚು. ಮೂರನೆಯ ದಿನ ಮತ್ತೆ ಅರಳಿದರೂ ಬಣ್ಣ ತೆಳುವಾಗಿರುತ್ತದೆ. ನಾಲ್ಕನೆಯ ದಿನ ದಳ ಉದುರುತ್ತದೆ. ಇಷ್ಟು ತಿಳಿದ ಮೇಲೆ ಕೊಳದ ನೋಟವೇ ಬದಲಾಯಿತು. ಅಮ್ಮ ಒಂದೊಂದೇ ಹೂವನ್ನು ತೋರಿಸಿ ‘ಇದು ಎರಡನೇ ದಿನದ್ದು, ಅದು ನಾಳೆಗೆ ಮುಗೀತು’ ಎಂದು ಲೆಕ್ಕ ಹಾಕತೊಡಗಿದರು.

ಎರಡನೆಯ ದಿನದ ಒಂದು ಹೂ ದಾರಿಯ ಅಂಚಿಗೇ ಬಾಗಿತ್ತು. ದಳಗಳ ತುದಿ ಕಡು ಗುಲಾಬಿ, ಬುಡದತ್ತ ಬರುಬರುತ್ತ ಬಿಳುಪು. ನಡುವೆ ಹಳದಿಯ ದುಂಡು ಪೀಠ, ಅದರ ಸುತ್ತ ಕೇಸರಗಳ ದಟ್ಟ ಬಳೆ, ಅದರೊಳಗೆ ಹೊರಳಾಡುತ್ತಿದ್ದ ನಾಲ್ಕೈದು ಜೇನ್ನೊಣಗಳು. ಈ ಹೂ ತನ್ನೊಳಗೆ ತಾನೇ ಶಾಖ ಹುಟ್ಟಿಸಿಕೊಂಡು, ಹೊರಗಿನ ಗಾಳಿ ತಂಪಾಗಿದ್ದರೂ 30ರಿಂದ 35 ಡಿಗ್ರಿಯಷ್ಟು ಬೆಚ್ಚಗಿರುತ್ತದೆಂದು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಕೀಟಗಳಿಗೆ ಅದು ಪರಿಮಳ ತುಂಬಿದ ಬೆಚ್ಚನೆಯ ಕೋಣೆ. ಮುಚ್ಚಿದ ತಾವರೆಯಲ್ಲಿ ದುಂಬಿ ಸೆರೆಯಾಗುವುದನ್ನು ನಮ್ಮ ಹಳೆಯ ಕವಿಗಳು ಬೇಸರವಿಲ್ಲದೆ ವರ್ಣಿಸಿದ್ದಾರೆ. ಆದರೆ ಅವರು ಹೂವನ್ನು ಮುಚ್ಚಿಸುವುದು ಸೂರ್ಯಾಸ್ತಕ್ಕೆ. ನಾನು ನೋಡಿದ ತಾವರೆ ನಡುಹಗಲಿಗೆ ಮೊದಲೇ ಬಾಗಿಲು ಹಾಕುತ್ತದೆ. ಆ ಕವಿಗಳಲ್ಲಿ ಎಷ್ಟು ಮಂದಿ ಕೊಳದ ದಂಡೆಯಲ್ಲಿ ಕೂತು ಬರೆದರೋ ಎಂಬ ಸಣ್ಣ ಅನುಮಾನ ಅಂದಿನಿಂದ ನನಗಿದೆ.

ಉದ್ಯಾನದಲ್ಲಿ 50 ಮೀಟರು ಎತ್ತರದಿಂದ ಸುತ್ತಲೂ ನೋಡಬಹುದಾದ ಗೋಪುರವಿದೆ. ಅದರ ಕೆಳಗಿನ ಗದ್ದೆಯಲ್ಲಿ ಬೇರೆ ಬೇರೆ ಬಣ್ಣದ ಎಲೆಯ ಭತ್ತದ ತಳಿಗಳನ್ನು ನೆಟ್ಟು ಚಿತ್ರ ಬರೆಯುತ್ತಾರೆ. ಈ ಕಲೆ ಶುರುವಾದದ್ದು 1993ರಲ್ಲಿ ಅಓಮೊರಿ ಪ್ರಾಂತ್ಯದ ಇನಾಕಾದಾತೆ ಹಳ್ಳಿಯಲ್ಲಿ. ಗ್ಯೋದಾದವರು 2015ರಲ್ಲಿ 27,195 ಚದರ ಮೀಟರಿನ ಚಿತ್ರ ಬೆಳೆಸಿ ಗಿನ್ನೆಸ್ ದಾಖಲೆ ಮಾಡಿದರು. ನಾವು ಹೋದಾಗ ಪೈರು ಇನ್ನೂ ಎಳೆಯದಾಗಿದ್ದು ಗೆರೆಗಳಷ್ಟೇ ಕಾಣುತ್ತಿದ್ದವು.

ಹಸಿವಾದಾಗ ಊರಿನ ಹೆಸರುವಾಸಿ ತಿನಿಸಾದ ‘ಜೆಲಿ ಫ್ರೈ’ ತಿಂದೆವು. ಅದರಲ್ಲಿ ಜೆಲ್ಲಿ ಇಲ್ಲ. ಸೋಯಾ ಹಾಲು ಹಿಂಡಿದ ಮೇಲೆ ಉಳಿಯುವ ಚರಟ, ಬೇಯಿಸಿದ ಆಲೂಗೆಡ್ಡೆ, ಕ್ಯಾರೆಟ್, ಈರುಳ್ಳಿ ಕಲಸಿ, ನಾಣ್ಯದಂತೆ ಚಪ್ಪಟೆ ತಟ್ಟಿ ಕರಿದು ಸಾಸಿನಲ್ಲಿ ಅದ್ದಿ ಕೊಡುತ್ತಾರೆ. ನಾಣ್ಯಕ್ಕಿರುವ ‘ಜೆನಿ’ ಎಂಬ ಮಾತೇ ಬಾಯಿಂದ ಬಾಯಿಗೆ ‘ಜೆಲಿ’ಯಾಯಿತಂತೆ. ಅಮ್ಮನ ತೀರ್ಪು: ‘ಆಂಬೊಡೆ ಮಾಡಕ್ಕೆ ಹೋಗಿ ಬೋಂಡ ಆದ ಹಾಗಿದೆ, ಉಪ್ಪು ಕಮ್ಮಿ.’ ಆದರೂ ಎರಡು ತಿಂದರು.

ಒಂದು ಹೂ ಕೊಟ್ಟಾರೆಯೇ ಎಂದು ಕೇಳಲು ಅಮ್ಮ ನನ್ನನ್ನು ಎರಡು ಬಾರಿ ತಿವಿದಿದ್ದರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಮೊಗ್ಗು ತಂದು, ಅದರ ದಳಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ ಕೈಯಿಂದಲೇ ಅರಳಿಸಿ ಕಳಶದ ಮುಂದಿಡುವವರು ಅವರು. ತಾನಾಗಿ ಅರಳಿದ ತಾವರೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲೆಂದರು. ಕೀಳುವಂತಿಲ್ಲವೆಂದು ನಾನು ಹೇಳಿದ ಮೇಲೆ, ದಾರಿಯಲ್ಲಿ ಬಿದ್ದಿದ್ದ ನಾಲ್ಕನೆಯ ದಿನದ ದಳವೊಂದನ್ನು ಎತ್ತಿ ಟೋಪಿಯ ಹಿರಿಯರಿಗೆ ತೋರಿಸಿದರು. ಅವರು ನಕ್ಕು ತಲೆಬಾಗಿದರು. ದಳ ಕರವಸ್ತ್ರದೊಳಗೆ ಸೇರಿತು.

ಹತ್ತೂವರೆಯ ಹೊತ್ತಿಗೆ ಹೂಗಳು ಒಂದೊಂದಾಗಿ ಮುಚ್ಚಿಕೊಳ್ಳಲು ತೊಡಗಿದವು. ಬಿಸಿಲಿಗೆ ನಮಗೂ ನಿಲ್ಲಲಾಗಲಿಲ್ಲ. ವಾಹನಗಳು ನಿಂತಿದ್ದ ಕಡೆಗೆ ನಾವು ಹೊರಟಾಗ, ಎದುರಿನಿಂದ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಕೊಡೆ, ದೊಡ್ಡ ಕ್ಯಾಮೆರಾ ಎಲ್ಲವನ್ನೂ ಹೊತ್ತುಕೊಂಡು ಸಾವಕಾಶವಾಗಿ ಬರುತ್ತಿದ್ದರು. ಅಮ್ಮ ನಿಂತು ಅವರನ್ನೇ ನೋಡಿ, ‘ಪಾಪ, ಇವರೂ ನಿನ್ನ ಥರ ಕಾಫಿ ಕುಡಿದು ಹೊರಟವರು ಕಣೋ’ ಎಂದರು.