“ಕೆಟ್ಟದ್ದೇನೂ ಹೇಳಿಲ್ಲವಲ್ಲ, ಮತ್ತೇನು ತಪ್ಪು?”

ಮುಂಬಯಿಯಲ್ಲಿ ಕನ್ನಡ ಯೂಟ್ಯೂಬ್ ಚಾನೆಲ್ ನಡೆಸುವವರೂ ಅವರಿಗೆ ಎಡಿಟಿಂಗ್ ಮಾಡಿಕೊಡುವ ಹುಡುಗರೂ ಪದೇ ಪದೇ ಕೇಳುವುದು ಇದನ್ನೇ: “ಹಿಜಾಬ್ ಹಾಕಿದವರ ಬಗ್ಗೆ ನಮ್ಮ ವಿಡಿಯೊದಲ್ಲಿ ಒಂದೂ ಕೆಟ್ಟ ಮಾತಿಲ್ಲ. ಆದರೂ ಅವರು ಯಾಕೆ ಬೇಜಾರು ಮಾಡ್ಕೊಳ್ತಾರೆ?”

ಮಾತಿನಲ್ಲಿ ಇಲ್ಲದಿರಬಹುದು. ಶೀರ್ಷಿಕೆಯ ಒಂದಕ್ಷರದಲ್ಲಿ ಇರುತ್ತದೆ. ‘ಹಿಜಾಬ್ ಹಾಕಿದರೂ ಬುಲೆಟ್ ಓಡಿಸುವ ಹುಡುಗಿ’ ಅನ್ನುವುದು ಹೊಗಳಿಕೆಯೇ, ಒಪ್ಪೋಣ. ಆದರೆ ಆ ‘ರೂ’ ನೋಡಿ. ‘ಮಳೆ ಬಂದರೂ ಬಂದ’ ಅಂದರೆ ಮಳೆ ಅಡ್ಡಿ ಅಂತ ತಾನೇ ಅರ್ಥ? ಹಾಗೆಯೇ ಇಲ್ಲಿ ತಲೆಯ ಬಟ್ಟೆ ಅಡ್ಡಿ ಎಂದು ವಿಡಿಯೊ ಶುರುವಾಗುವ ಮೊದಲೇ ತೀರ್ಪಾಗಿಹೋಯಿತು. ‘ಕುಂಕುಮ ಇಟ್ಟರೂ ಬುಲೆಟ್ ಓಡಿಸುವ ಹುಡುಗಿ’ ಎಂದು ಯಾರಾದರೂ ಬರೆಯುತ್ತಾರೆಯೇ? ‘ಕುರ್ಲಾದ ಬುಲೆಟ್ ಹುಡುಗಿ’ ಅಂದರೆ ಸಾಕು, ಬಟ್ಟೆ ಚಿತ್ರದಲ್ಲೇ ಕಾಣುತ್ತದೆ.

ವಿಡಿಯೊದ ಮುಖಚಿತ್ರವನ್ನು, ಅಂದರೆ ಥಂಬ್‌ನೇಲನ್ನು, 1280×720 ಪಿಕ್ಸೆಲ್‌ನಲ್ಲಿ, ದೊಡ್ಡ ಪರದೆಯ ಮೇಲೆ ಮಾಡುತ್ತೇವೆ. ನೋಡುವವರಿಗೆ ಅದು ಫೋನಿನಲ್ಲಿ ಬೆಂಕಿಪೊಟ್ಟಣದಷ್ಟು. ಅಷ್ಟರಲ್ಲಿ ಮುಖದ ಭಾವ ಅಳಿಸಿಹೋಗಿ ಕಪ್ಪು ಆಕಾರವೊಂದೇ ಉಳಿಯುತ್ತದೆ. ಎಡಿಟರ್‌ಗೂ ಅದೇ ಸುಲಭ: ಬೆನ್ನ ಹಿಂದಿನ ಶಾಟು, ಇಲ್ಲವೇ ಬರೀ ಎರಡು ಕಣ್ಣು, ಪಕ್ಕದಲ್ಲಿ ಕೆಂಪು ಪ್ರಶ್ನಾರ್ಥಕ ಚಿಹ್ನೆ. ಯೂಟ್ಯೂಬಿನಲ್ಲಿ ಮೂರು ಥಂಬ್‌ನೇಲ್ ಹಾಕಿ, ಯಾವುದಕ್ಕೆ ನೋಡುವ ಸಮಯದ ಪಾಲು ಹೆಚ್ಚು ಎಂದು ಪರೀಕ್ಷಿಸಬಹುದು. ‘ಆ ಕಪ್ಪು ಆಕಾರದ ಚಿತ್ರವೇ ಗೆದ್ದಿತು, ನಾವೇನು ಮಾಡೋಣ’ ಅನ್ನುವ ಸಮಜಾಯಿಷಿ ಮಾತ್ರ ನಡೆಯುವುದಿಲ್ಲ. ಕಣಕ್ಕೆ ಇಳಿಸಿದ ಮೂರೂ ಚಿತ್ರ ನೀವೇ ಮಾಡಿದ್ದು.

ಉಡುಪಿನ ಹೆಸರಿನಲ್ಲೂ ಗೊಂದಲ. ಕೂದಲು, ಕಿವಿ, ಕತ್ತು ಮುಚ್ಚಿ ಮುಖ ಬಿಟ್ಟರೆ ಹಿಜಾಬ್. ಮುಖವನ್ನೂ ಮುಚ್ಚಿ ಕಣ್ಣು ಮಾತ್ರ ಬಿಟ್ಟರೆ ನಿಖಾಬ್. ಮೈಯೆಲ್ಲ ಮುಚ್ಚುವ ಹೊರ ಉಡುಪಿಗೆ ನಮ್ಮಲ್ಲಿ ಬುರ್ಖಾ ಅನ್ನುತ್ತಾರೆ. ಭೆಂಡಿ ಬಜಾರಿನ ದಾವೂದಿ ಬೋಹ್ರಾ ಮುಸ್ಲಿಂ ಹೆಂಗಸರ ರಿದಾ ಎಂಬ ಉಡುಪು ಗುಲಾಬಿ, ತಿಳಿಹಸಿರು, ನೀಲಿ ಬಣ್ಣಗಳಲ್ಲಿ ಲೇಸು ಹೊಲಿದಿರುತ್ತದೆ, ಕಪ್ಪಿನ ಮಾತೇ ಇಲ್ಲ. ಧ್ವನಿ ‘ಹಿಜಾಬ್’ ಅನ್ನುವಾಗ ಪರದೆಯಲ್ಲಿ ನಿಖಾಬ್ ಓಡಿದರೆ ನೋಡುವವರು ಕಣ್ಣನ್ನೇ ನಂಬುತ್ತಾರೆ.

ದೊಡ್ಡ ಎಡವಟ್ಟು ಹಳೆಯ ಕ್ಲಿಪ್ಪಿನದು. ಮುಂಬಯಿಯ ಚೆಂಬೂರಿನ ಕಾಲೇಜೊಂದರ ಹಿಜಾಬ್ ನಿಷೇಧವನ್ನು ಪ್ರಶ್ನಿಸಿದ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2024ರ ಜೂನ್ 26ರಂದು ವಜಾ ಮಾಡಿತು. ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಹಿಜಾಬ್, ಟೋಪಿ, ಬ್ಯಾಡ್ಜ್‌ಗಳ ಮೇಲಿನ ನಿಷೇಧಕ್ಕೆ ತಡೆ ಕೊಟ್ಟಿತು, ತರಗತಿಯೊಳಗೆ ಬುರ್ಖಾಕ್ಕೆ ಮಾತ್ರ ಅನುಮತಿ ಇಲ್ಲ ಎಂದಿತು. ಈ ಸುದ್ದಿಗೆ ಉಡುಪಿಯ 2022ರ ದೃಶ್ಯ ಅಂಟಿಸಿದರೆ ಊರು, ವರ್ಷ, ಪ್ರಕರಣ ಮೂರೂ ತಪ್ಪು. ಕರ್ನಾಟಕದ್ದು ಸರ್ಕಾರದ ಆದೇಶದ ಪ್ರಕರಣ. ಅದರಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು 2022ರ ಅಕ್ಟೋಬರ್ 13ರಂದು ಭಿನ್ನ ತೀರ್ಪು ಕೊಟ್ಟರು. ಹಳೆಯ ದೃಶ್ಯ ಬೇಕೇ ಬೇಕೆಂದರೆ ‘ಫೈಲ್ ದೃಶ್ಯ, ಉಡುಪಿ, 2022’ ಎಂದು ಮೂಲೆಯಲ್ಲಿ ಹಾಕಿ. ಎರಡು ಸೆಕೆಂಡಲ್ಲ, ಕ್ಲಿಪ್ ಮುಗಿಯುವವರೆಗೂ ಇರಲಿ.

ಹಿಜಾಬ್ ಹಾಕಿದವರು ತರಕಾರಿ ಕೊಳ್ಳುವ ದೃಶ್ಯದ ಹಿಂದೆ ಆಜಾನ್ ಯಾಕೆ? ತೆಗೆದುಬಿಡಿ.

ಚಿತ್ರೀಕರಣದಲ್ಲಿ ಬೇರೆಯೇ ತೊಂದರೆ. ಚೌಕಟ್ಟಿನ ತುಂಬ ಕಪ್ಪು ಬಟ್ಟೆ ಇದ್ದರೆ ಆಟೊ ಮೋಡ್‌ನಲ್ಲಿರುವ ಕ್ಯಾಮೆರಾ ಕತ್ತಲೆಯೆಂದುಕೊಂಡು ಬೆಳಕು ಏರಿಸುತ್ತದೆ, ಮುಖ ಸುಣ್ಣ ಬಳಿದಂತಾಗುತ್ತದೆ. ಫೋನಾದರೆ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿ. ಹಿಂದಿನಿಂದ ಭುಜಕ್ಕೊಂದು ಸಣ್ಣ ದೀಪ ಬಿಟ್ಟರೆ ಕಪ್ಪು ಬಟ್ಟೆ ಹಿನ್ನೆಲೆಯೊಳಗೆ ಕರಗುವುದಿಲ್ಲ. ಕಾಲರ್ ಮೈಕ್ ಬಟ್ಟೆಯ ಒಳಗೆ ಹೋದರೆ ಮಾತು ಮಂಕಾಗುತ್ತದೆ, ಸರಬರ ಸದ್ದೂ ಸೇರುತ್ತದೆ. ಗಲ್ಲದಿಂದ ಒಂದು ಗೇಣು ಕೆಳಗೆ, ಹೊರಗಡೆಯೇ ಸಿಕ್ಕಿಸಬೇಕು, ಸಡಿಲ ನೆರಿಗೆಗೆ ಒಂದು ಪಿನ್ನು. ಸಿಕ್ಕಿಸಿಕೊಳ್ಳುವುದು ಅವರ ಕೈಯಿಂದಲೇ ಆಗಲಿ.

ಹಿಜಾಬ್ ಹಾಕಿದವರನ್ನು ಹಿಜಾಬಿನ ಬಗ್ಗೆ ಮಾತಾಡಲು ಮಾತ್ರ ಕರೆಯುವುದು ನನಗೆ ಎಲ್ಲಕ್ಕಿಂತ ಕೆಟ್ಟದ್ದು ಅನಿಸುತ್ತದೆ. ಡೆಂಗಿ ಬಗ್ಗೆ ಡಾಕ್ಟರಾಗಿ, ತೆರಿಗೆ ಬಗ್ಗೆ ಸಿ.ಎ. ಆಗಿ ಕರೆಯಿರಿ. ಬಂದವರನ್ನು ಕೊನೆಗೆ “ಮನೆಯಲ್ಲಿ ಒಪ್ಪಿದರಾ?” ಎಂದು ಕೇಳಬೇಡಿ. ಪಕ್ಕದಲ್ಲಿ ಕೂತ ಸೀರೆಯವರಿಗೆ ಆ ಪ್ರಶ್ನೆ ಹಾಕಿಲ್ಲವಲ್ಲ.

ವಿಡಿಯೊ ಹಾಕುವ ಮೊದಲೇ ಯೂಟ್ಯೂಬ್ ಸ್ಟುಡಿಯೊದಲ್ಲಿ ಕಮೆಂಟುಗಳನ್ನು ಪರಿಶೀಲನೆಗೆ ತಡೆಹಿಡಿಯುವ ಆಯ್ಕೆ ಒತ್ತಿ, ಬೈಗುಳಗಳ ತಡೆಪಟ್ಟಿ ತುಂಬಿ. ಕನ್ನಡ ಲಿಪಿಯಲ್ಲಿ ಮಾತ್ರ ತುಂಬಿದರೆ ಸೋಸುವುದಿಲ್ಲ. ಮುಂಬಯಿ ನೋಡುಗರು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬೈಯುತ್ತಾರೆ, ಅದೂ ಇಂಗ್ಲಿಷ್ ಅಕ್ಷರದಲ್ಲಿ.