"ನಿನ್ನ ಹತ್ತಿರ ಇದೆಯಾ?"

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಸೂಡಾ, ನಿನ್ನ ಹತ್ತಿರ ಇದೆಯಾ?" ಸುಧಾ ಅನ್ನೋ ನನ್ನ ಹೆಸರು ಪಕ್ಕದ ಮನೆಯಾಕೆಯ ಬಾಯಲ್ಲಿ ಯಾವತ್ತೂ ಸೂಡಾ.

ಮಾರ್ಚ್ ತಿಂಗಳ ಎರಡನೇ ಮಂಗಳವಾರ ಅಂದ್ರೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಊರುಗಳಲ್ಲಿ ಊರಿನ ಚುನಾವಣೆ. ಈ ಸಲ, ಅಂದ್ರೆ 2025ರಲ್ಲಿ, 11ನೇ ತಾರೀಕು. ಬ್ಯಾಲೆಟ್‌ನಲ್ಲಿ ಪಕ್ಷದ ಹೆಸರೇ ಇರಲಿಲ್ಲ. ಗ್ರಂಥಾಲಯದ ಟ್ರಸ್ಟಿ ಯಾರು, ಸ್ಮಶಾನದ ಟ್ರಸ್ಟಿ ಯಾರು, ಹೊಸ ಫೈರ್ ಎಂಜಿನ್ ಕೊಳ್ಳಬೇಕೋ ಬೇಡವೋ, ಇಂಥವು. ಸ್ಮಶಾನಕ್ಕೂ ಚುನಾವಣೆ ಇದೆ ಅಂತ ತಿಪಟೂರಿನ ಅಣ್ಣನಿಗೆ ಫೋನಿನಲ್ಲಿ ಹೇಳಿದರೆ, "ವೋಟು ಹಾಕೋರು ಯಾರು, ಒಳಗಿರೋರಾ?" ಅಂದ.

ನನಗೆ ಮಾತ್ರ ಸಂಭ್ರಮ. ಡಿಸೆಂಬರ್‌ನಲ್ಲಿ ಸಿಟಿಜನ್ ಆದೆ, ಇದು ಇಲ್ಲಿನ ಮೊದಲ ವೋಟು. ಪಕ್ಕದ ಮನೆಯಾಕೆಯೂ ಚಳಿಗಾಲದಲ್ಲಿ ಮ್ಯಾಸಚೂಸೆಟ್ಸ್‌ನಿಂದ ಮನೆ ಬದಲಿಸಿ ಬಂದವಳು. ಅವಳ ಮನೆ ಮುಂದೆ ಟ್ರಂಪ್ ಬಾವುಟ ಇನ್ನೂ ಹಾರುತ್ತಿದೆ. ಮಾತು ಜಾಸ್ತಿ, ಮನಸ್ಸು ಒಳ್ಳೆಯದು. ನಮ್ಮ ಬಾಗಿಲಿನ ಹಿಮ ಎತ್ತಿಹಾಕುವುದು ಅವಳ ಗಂಡನೇ. ಈ ರಾಜ್ಯವೇ ಹಾಗೆ, ಒಂದು ಬಣ್ಣ ಅಂತಿಲ್ಲ. 2024ರ ನವೆಂಬರ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ಇಲ್ಲಿ ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್‌ರನ್ನು ಗೆಲ್ಲಿಸಿ, ಅದೇ ದಿನ ಗವರ್ನರ್ ಆಗಿ ರಿಪಬ್ಲಿಕನ್ ಪಕ್ಷದ ಕೆಲ್ಲಿ ಅಯಾಟ್‌ರನ್ನು ಆರಿಸಿತು.

ಇಬ್ಬರೂ ಒಟ್ಟಿಗೆ ಹೋದೆವು. ಇಲ್ಲಿ ಮತದಾನದ ದಿನವೇ ಹೆಸರು ಸೇರಿಸಿಕೊಳ್ಳಬಹುದು. ಬಾಗಿಲಲ್ಲಿ ಶಾಲೆ ಮಕ್ಕಳ ತಾಯಂದಿರು ಬ್ರೌನಿ ಮಾರುತ್ತಿದ್ದರು. ಹೊರಗೆ ಹಿಮ ಕರಗಿ ಕೆಸರು, ಒಳಗೆ ಎಲ್ಲರ ಬೂಟಿನ ಅಚ್ಚು. ಹೆಸರು ಸೇರಿಸುವ ಸಾಲಿನಲ್ಲಿ ನಾವು ನಾಲ್ಕೇ ಜನ.

ಅವಳು ಡ್ರೈವಿಂಗ್ ಲೈಸೆನ್ಸ್ ಕೊಟ್ಟಳು. ಮೇಜಿನ ಹಿಂದಿದ್ದ ಹುಡುಗ ತುಂಬಾ ಮರ್ಯಾದೆಯಿಂದ, ಪೌರತ್ವಕ್ಕೆ ದಾಖಲೆ ಬೇಕು, ಪಾಸ್‌ಪೋರ್ಟ್ ಅಥವಾ ಬರ್ತ್ ಸರ್ಟಿಫಿಕೇಟ್ ಅಂದ. ಮೊದಲು ದಾಖಲೆ ಇಲ್ಲದಿದ್ದರೆ ಅಫಿಡವಿಟ್‌ಗೆ ಸಹಿ ಹಾಕಿದರೂ ನಡೆಯುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸಹಿಯಾದ ಹೊಸ ಕಾನೂನು ನವೆಂಬರ್ ಚುನಾವಣೆ ಮುಗಿದ ಮೇಲೆ ಆ ದಾರಿ ಮುಚ್ಚಿತು.

ಆಗ ಅವಳು ನನ್ನ ಕಡೆ ತಿರುಗಿದಳು. "ಸೂಡಾ, ನಿನ್ನ ಹತ್ತಿರ ಇದೆಯಾ?"

"ಇದೆ" ಅಂದೆ.

ಇಲ್ಲದೆ ಇರುತ್ತಾ? ತಾಲ್ಲೂಕು ಕಚೇರಿ, ಕಾಲೇಜು, ಕಾನ್ಸುಲೇಟ್ ಎಲ್ಲ ಸುತ್ತಿದ ಜೀವ ನಂದು. ಜಿಪ್ ಇರುವ ಫೈಲಿನಲ್ಲಿ ಒರಿಜಿನಲ್, ಎರಡು ಜೆರಾಕ್ಸ್, ಬೇಕಾದರೆ ಇರಲಿ ಅಂತ ಪಾಸ್‌ಪೋರ್ಟ್ ಸೈಜಿನ ಫೋಟೋ. ಸಿಟಿಜನ್ ಆದಾಗ ಕೊಟ್ಟ ನ್ಯಾಚುರಲೈಸೇಷನ್ ಸರ್ಟಿಫಿಕೇಟ್ ತೆಗೆದಿಟ್ಟೆ. ಐದು ನಿಮಿಷದಲ್ಲಿ ನಾನು ಮತದಾರಳು.

ಅವಳು ಮನೆಗೆ ಹೋಗಿ ಬರ್ತ್ ಸರ್ಟಿಫಿಕೇಟ್ ತಂದಳು. ಅದರಲ್ಲಿ ಅಪ್ಪನ ಮನೆಯ ಹೆಸರು. ಮದುವೆಯ ಕಾಗದ ತೋರಿಸಬೇಕು ಅಂದರು. ಮತ್ತೆ ಹೋದಳು, ತಂದಳು. ಆದರೆ ಅವಳಿಗೆ ಇದು ಎರಡನೇ ಮದುವೆ. ಕಾಗದದಲ್ಲಿ ಅವಳ ಹೆಸರಿನ ಜೊತೆ ಇದ್ದದ್ದು ಮೊದಲ ಗಂಡನ ಮನೆಯ ಹೆಸರು, ಆ ಮೊದಲ ಮದುವೆಯ ದಾಖಲೆ ಬೇರೆ ರಾಜ್ಯದಿಂದ ತರಿಸಬೇಕು. ಏಳು ಗಂಟೆಗೆ ಬಾಗಿಲು ಹಾಕಿದರು.

ಇದರಲ್ಲಿ ನಗಬಹುದಾದದ್ದು ಬೇಕಾದಷ್ಟಿದೆ. "ನಾವು ಪ್ರಜೆಗಳು ಅಂತ ತೋರಿಸೋದರಲ್ಲಿ ತಪ್ಪೇನಿದೆ?" ಅಂತ ಫೆಬ್ರವರಿಯಲ್ಲಿ ಕೇಳಿದವಳು ಅವಳೇ. ನಾನೂ ಕಾಫಿ ಕುಡಿಯುತ್ತಾ ತಲೆಯಾಡಿಸಿದ್ದೆ. ನನಗೆ ಅದು ಹೊಸದೂ ಅಲ್ಲ, ಊರಿನ ಬೂತಿನಲ್ಲೂ ಗುರುತಿನ ಚೀಟಿ ತೋರಿಸಿಯೇ ವೋಟು ಹಾಕಿದವಳು. ಈಗ ಯೋಚಿಸಿದರೆ ಒಂದು ವ್ಯತ್ಯಾಸ ಹೊಳೆಯುತ್ತೆ. ನಮ್ಮಲ್ಲಿ ಅಂಗನವಾಡಿ ಟೀಚರೋ ಶಾಲೆ ಮೇಷ್ಟ್ರೋ ಪಟ್ಟಿ ಹಿಡಿದುಕೊಂಡು ಮನೆ ಬಾಗಿಲಿಗೆ ಬರುತ್ತಾರೆ. ಇಲ್ಲಿ ಹೆಸರು ಸೇರಿಸಿಕೊಳ್ಳುವ ಹೊಣೆ ಪೂರ್ತಿ ನಮ್ಮದೇ. ಹಾಗೆ ಬಾಗಿಲಿಗೆ ಬಂದು ಬರೆದುಕೊಂಡು ಹೋದರೂ 2024ರ ಲೋಕಸಭೆಗೆ ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸು ಮತದಾನ. ಪಕ್ಕದಲ್ಲೇ ಇರುವ ಮಂಡ್ಯದಲ್ಲಿ ಶೇ. 80 ದಾಟಿತ್ತು. ಅವತ್ತು ಶುಕ್ರವಾರ ಅಂತ ನನ್ನ ಸೋದರತ್ತೆ ಮಗ ಕೊಡಗಿನ ರೆಸಾರ್ಟ್‌ನಿಂದ ಫೋಟೋ ಕಳಿಸಿದ್ದ. ಅವನಿಗೆ ಎಲ್ಲ ಕಾಗದವೂ ಇತ್ತು. ಇವಳು ಒಂದು ಸ್ಮಶಾನದ ಟ್ರಸ್ಟಿಗೋಸ್ಕರ ಕೆಸರಲ್ಲಿ ಮೂರು ಸಲ ಓಡಾಡಿದಳು. ಆ ಹುದ್ದೆಗೆ ನಿಂತವರು ಒಬ್ಬರೇ ಅನ್ನೋದು ಬೇರೆ ಮಾತು.

ಆದರೂ ನನ್ನನ್ನು ಕಾಡುತ್ತಿರುವುದು ಅವಳ ಪ್ರಶ್ನೆಗಿಂತ ನನ್ನ "ಇದೆ". ಅದನ್ನು ನಾನು ಹೇಗೆ ಅಂದೆ? ಸುಮ್ನೆ ಅಂದೆನಾ, ಇಲ್ಲಾ ಸ್ವಲ್ಪ ಬೀಗಿದೆನಾ? ಇಲ್ಲೇ ಹುಟ್ಟಿ ಅರವತ್ತು ದಾಟಿದವಳು ಹೊರಗೆ, ಮೂರು ತಿಂಗಳ ಹಿಂದೆ ಕೈಯೆತ್ತಿ ಪ್ರಮಾಣ ಮಾಡಿದ ನಾನು ಒಳಗೆ. ಬೀಗಿದ್ದೆ ಅಂತಲೇ ಕಾಣುತ್ತೆ. ಎಷ್ಟು ವರ್ಷ ಎಷ್ಟು ಮೇಜುಗಳ ಮುಂದೆ "ನಿಮ್ಮ ಹತ್ತಿರ ಇದೆಯಾ?" ಅಂತ ಕೇಳಿಸಿಕೊಂಡಿದ್ದೀನಿ! ಆದರೆ ಅದನ್ನು ಕೇಳಿದವರಲ್ಲಿ ಅವಳಿರಲಿಲ್ಲ.

ನಿನ್ನೆ ಬೇಲಿ ಹತ್ತಿರ ಸಿಕ್ಕಿದಳು. ಕಾನೂನು ಸರಿಯೋ ತಪ್ಪೋ ನಾನು ಕೇಳಲಿಲ್ಲ, ಅವಳೂ ಎತ್ತಲಿಲ್ಲ. ಬಾವುಟ ಹಾಗೇ ಇದೆ.

"ಆ ಜಿಪ್ ಇರೋ ಫೈಲು ಎಲ್ಲಿ ಸಿಗುತ್ತೆ?" ಅಂದಳು.

"ಬೆಂಗಳೂರಿನ ಅವೆನ್ಯೂ ರೋಡಲ್ಲಿ" ಅಂದೆ. ಕಪಾಟಿನಲ್ಲಿ ಇನ್ನೊಂದಿತ್ತು, ತಂದು ಕೊಟ್ಟೆ.